ಎಡೆ ಉಂಡವರು

ಮಹಾಲಯ ಅಮಾವಾಸ್ಯೆಯ ದಿನ ಮಧ್ಯಾಹ್ನ ಎರಡರ ಹೊತ್ತಿಗೆ ಬೆಂಗಳೂರಿನ ಅಂಚಿನ ಶ್ರೀಗಂಧದ ಕಾವಲಿನ ಒಂದು ಶೀಟಿನ ಮನೆಯ ಮುಂದೆ ಒಂಬತ್ತು ಜನ ಹಸಿದುಕೊಂಡು ಬಿಸಿಲಲ್ಲಿ ನಿಂತಿದ್ದರು. ಬಾಗಿಲು ಮುಚ್ಚಿತ್ತು. ಒಳಗೆ ನಡುಮನೆಯಲ್ಲಿ ಬಾಳೆಯೆಲೆ ಹಾಸಿ ಸತ್ತ ಹಿರಿಯರಿಗೆಂದು ಎಡೆ ಬಡಿಸಿ ಆಗಿತ್ತು. ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು, ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಕಾಯಬೇಕು, ಆಮೇಲೆ ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋಗಿ ಅದೇ ಎಡೆಯನ್ನು ಹಂಚಿಕೊಂಡು ಉಣ್ಣಬೇಕು. ಆ ಕಡೆಯ ಮನೆಗಳ ಪದ್ಧತಿ ಅದು. ಸತ್ತವರು ಬದುಕಿರುವವರ ಎದುರಿಗೆ ಉಣ್ಣುವುದಿಲ್ಲವಂತೆ. ನಾಚಿಕೆಯೋ, ನಮ್ಮ ಮೇಲಿನ ಬೇಸರವೋ, ಕೇಳಿ ಬಂದವರು ಯಾರೂ ಇಲ್ಲ.

ಅದು 2004ನೇ ಇಸವಿ. ಎಲ್ಲರೂ ಸುಮ್ಮನೆ ನಿಂತಿದ್ದಾಗ ಒಳಗಿನಿಂದ ಸದ್ದು ಬಂತು. ನೀರಿನ ಲೋಟ ನೆಲಕ್ಕೆ ತಾಗಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ.

ಮನೆಯ ಯಜಮಾನ ಚಿಕ್ಕಹನುಮಯ್ಯನ ತಮ್ಮ ಮರೆಪ್ಪ ಬೀಡಿ ಎಸೆದು ಕೈಮುಗಿದ. "ಅವ್ವ ಬಂದವ್ಳೆ ಕಣಣ್ಣ," ಎಂದ.

ಬಾಗಿಲು ತಟ್ಟಿ ತೆಗೆದಾಗ ಮುದ್ದೆ ಹಾಗೇ ಇತ್ತು, ಮಟನ್ ಸಾರು ಹಾಗೇ ಇತ್ತು, ಎಲೆ ಅಡಿಕೆಯೂ ಇತ್ತು. ಇಟ್ಟಿದ್ದ ಆರು ಒಬ್ಬಟ್ಟಿನಲ್ಲಿ ಒಂದೂ ಇರಲಿಲ್ಲ. ತುಪ್ಪದ ಬಟ್ಟಲನ್ನು ಯಾರೋ ಬೆರಳು ಹಾಕಿ ಒರೆಸಿದ ಹಾಗಿತ್ತು. ಚಿಕ್ಕಹನುಮಯ್ಯನ ಹೆಂಡತಿ ಮುನಿತಾಯಮ್ಮ ಅತ್ತೆಯ ಫೋಟೋದ ಮುಂದೆ ದೊಪ್ಪನೆ ಬಿದ್ದು, "ಉಂಡ್ರಾ ಅತ್ತೆಮ್ಮಾ, ಹೊಟ್ಟೆ ತುಂಬ್ತಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಮಗಳು ವರಲಕ್ಷ್ಮಿ ಟ್ಯೂಷನ್ನಿನಿಂದ ಆಗತಾನೇ ಬಂದವಳಂತೆ ಬ್ಯಾಗು ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. ಅವಳ ಕಡೆ ಯಾರೂ ನೋಡಲಿಲ್ಲ.

ಮುನಿತಾಯಮ್ಮನ ಅಳುವಿಗೆ ಕಾರಣವಿತ್ತು. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಅವಳು ಅಂಗನವಾಡಿಯ ಸಹಾಯಕಿ. ಇಪ್ಪತ್ತು ವರ್ಷ ಕಾವಲಿನ ಮಕ್ಕಳಿಗೆ ಉಪ್ಪಿಟ್ಟು ಕಲಸಿ, ಮೂಗು ಒರೆಸಿ, ತಿಂಗಳಿಗೊಮ್ಮೆ ತಕ್ಕಡಿಗೆ ಕೂರಿಸಿ ತೂಕ ನೋಡಿದವಳು. ಯಾವ ಮಗು ಸೊರಗಿದೆ, ಯಾವ ತಾಯಿ ಸುಳ್ಳು ಹೇಳುತ್ತಿದ್ದಾಳೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಅತ್ತೆ ಅಕ್ಕಯ್ಯಮ್ಮನ ಜೊತೆ ಅವಳದು ಎಲ್ಲರ ಮನೆಯಂಥದೇ ಸಂಸಾರ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಸೊಸೆಯ ಕಾಲ ಬರುವ ಹೊತ್ತಿಗೆ ಅತ್ತೆಗೆ ಸಕ್ಕರೆ ಕಾಯಿಲೆ ಬಂದಿತ್ತು. ಹೃದಯವೂ ಸೋತಿತ್ತು. ಡಾಕ್ಟರು ಒಂದು ಹಾಳೆಯಲ್ಲಿ ಪಥ್ಯ ಬರೆದುಕೊಟ್ಟರು. ಸಕ್ಕರೆ ಬೇಡ, ಬೆಲ್ಲ ಬೇಡ, ಹಬ್ಬದ ಸಿಹಿ ಬೇಡವೇ ಬೇಡ. ಕೊನೆಯಲ್ಲಿ ಕೆಂಪು ಇಂಕಿನಲ್ಲಿ ಗೆರೆ ಎಳೆದು, 'ಮೀರಿದರೆ ಪ್ರಾಣಾಪಾಯ'. ಆಗ ಎಂಟನೇ ಕ್ಲಾಸಿನಲ್ಲಿದ್ದ ವರಲಕ್ಷ್ಮಿ ಅದನ್ನು ಮನೆಮಂದಿಗೆಲ್ಲ ಪಾಠ ಒಪ್ಪಿಸುವ ಹಾಗೆ ಓದಿ ಹೇಳಿದಳು. ಮುನಿತಾಯಮ್ಮ ಅದನ್ನು ಒಲೆಯ ಪಕ್ಕದ ಗೋಡೆಗೆ ಅನ್ನದ ಅಂಟಿನಿಂದ ಅಂಟಿಸಿದಳು.

2003ರ ಯುಗಾದಿಯ ದಿನ ಮನೆಯಲ್ಲಿ ಒಬ್ಬಟ್ಟು. ಅಕ್ಕಯ್ಯಮ್ಮ ಗೋಡೆಗೊರಗಿ ಕೂತು, "ಒಂದೇ ಒಂದು ಕೊಡೇ ಮುನಿತಾಯಿ. ಒಂದು ಬ್ಯಾಡ, ಅರ್ಧ ಕೊಡೇ," ಎಂದು ಸಂಜೆಯವರೆಗೂ ಕೇಳಿದಳು. ಬೆಳಗಿನಿಂದ ಒಲೆಯ ಮುಂದೆ ಬೆಂದಿದ್ದ ಮುನಿತಾಯಮ್ಮನಿಗೆ ರೇಗಿತು. "ಸಾಯ್ಬೇಕು ಅಂತಿದೀರಾ? ಸುಮ್ನೆ ಬಿದ್ಕೊಳಿ," ಎಂದು ಒಬ್ಬಟ್ಟಿನ ಡಬ್ಬವನ್ನು ಅಟ್ಟದ ಮೇಲೆ ಇಟ್ಟುಬಿಟ್ಟಳು. ಮರುದಿನ ವರ್ಷತೊಡಕು. ಬೆಳಿಗ್ಗೆ ಕಾಫಿ ಕೊಡಲು ಹೋದರೆ ಅಕ್ಕಯ್ಯಮ್ಮ ತಣ್ಣಗಾಗಿದ್ದಳು.

ವರ್ಷತೊಡಕಿನ ದಿನ ಏನು ನಡೆಯುತ್ತದೋ ವರ್ಷವೆಲ್ಲ ಅದೇ ನಡೆಯುತ್ತದೆ ಎನ್ನುವುದು ಅಲ್ಲಿಯ ನಂಬಿಕೆ. ಮುನಿತಾಯಮ್ಮನಿಗೆ ಅದು ಒಂದು ವರ್ಷಕ್ಕೆ ಮುಗಿಯಲಿಲ್ಲ. ಅಂಗನವಾಡಿಯಲ್ಲಿ ಯಾವುದೋ ಮಗು, "ಇನ್ನೊಂಚೂರು ಹಾಕು ಆಂಟಿ," ಎಂದರೆ ಸೌಟು ಹಿಡಿದ ಕೈ ನಿಂತುಬಿಡುತ್ತಿತ್ತು. ಆಮೇಲೆ ಅವಳು ಒಬ್ಬಟ್ಟನ್ನು ಬಾಯಿಗಿಡಲಿಲ್ಲ. ಊರಿಗೆಲ್ಲ ಉಣ್ಣಿಸಿದ ಕೈ ಸಾಯುವ ಮುದುಕಿಯ ಬಾಯಿಗೆ ಒಂದು ಚೂರು ಇಡಲಿಲ್ಲ ಎನ್ನುವುದು ಅವಳ ಎದೆಯೊಳಗೆ ಮುಳ್ಳಾಗಿ ಕೂತಿತು. ಆದ್ದರಿಂದಲೇ ಎಡೆಯ ಎಲೆ ಬರಿದಾದ ದಿನ ಅವಳು ಹಾಗೆ ಅತ್ತದ್ದು. ಅತ್ತೆ ಬಂದು ಉಂಡಳೆಂದರೆ ತನ್ನನ್ನು ಕ್ಷಮಿಸಿದಳು ಎಂದೇ ಅರ್ಥವಲ್ಲವೇ.

ಆಮೇಲೆ ಮನೆಯಲ್ಲಿ ತಿನ್ನುವ ವಸ್ತು ಮಾಯವಾಗತೊಡಗಿತು. ನಾಳೆಗೆಂದು ಇಟ್ಟ ಅನ್ನ, ಬ್ರೆಡ್ಡಿನ ಪೊಟ್ಟಣ, ಹುರಿಗಡಲೆ, ಬೆಲ್ಲದ ಅಚ್ಚು. "ಬೆಕ್ಕು ಬೆಲ್ಲ ತಿನ್ನತ್ತಾ?" ಎಂದು ಚಿಕ್ಕಹನುಮಯ್ಯ ಕೇಳಿದ. ರಾಜಾಜಿನಗರದ ಕಾರ್ಖಾನೆಯಲ್ಲಿ ಲೇತ್ ತಿರುಗಿಸುವ ಅವನಿಗೆ ಲೆಕ್ಕ ತಪ್ಪಿದರೆ ಆಗದು. ಅತ್ತೆಯ ಹಸಿವು ಇನ್ನೂ ತೀರಿಲ್ಲ ಎಂದು ಮುನಿತಾಯಮ್ಮನಿಗೆ ಗೊತ್ತಿತ್ತು. ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಎರಡು ಒಬ್ಬಟ್ಟು ತಟ್ಟಿ ನಡುಮನೆಯಲ್ಲಿ ಎಲೆ ಹಾಕಿ, ಬಾಗಿಲು ಎಳೆದುಕೊಂಡು ಹೊರಗೆ ಕೂರುವುದು ರೂಢಿಯಾಯಿತು. ಪ್ರತಿ ಸಲವೂ ಒಳಗೆ ಲೋಟದ ಸದ್ದು. ಪ್ರತಿ ಸಲವೂ ಎಲೆ ಖಾಲಿ. ಭಯವಾಗುತ್ತಿತ್ತು. ಆದರೂ ಹಿತವಾಗಿತ್ತು.

ಈ ಹಿತದಲ್ಲಿ ಮುಳುಗಿದವಳಿಗೆ ಮಗಳ ಕೆನ್ನೆ ಊದಿದ್ದು ಕಾಣಲಿಲ್ಲ, ಬೆರಳಿನ ಗೆಣ್ಣಿನ ಮೇಲಿನ ಗಾಯ ಕಾಣಲಿಲ್ಲ, ಊಟವಾದ ತಕ್ಷಣ ಬಚ್ಚಲಿನಲ್ಲಿ ನಲ್ಲಿ ಸುರಿಯುವುದು ಕೇಳಲಿಲ್ಲ. ಕಾವಲಿನ ಮಕ್ಕಳನ್ನೆಲ್ಲ ತೂಗಿದವಳು ತನ್ನ ಮಗಳನ್ನು ಕಣ್ಣಲ್ಲೂ ತೂಗಲಿಲ್ಲ. ದೀಪದ ಬುಡ ಕತ್ತಲೆ ಅಂತ ಸುಮ್ಮನೆ ಹೇಳುತ್ತಾರೆಯೇ.

ಮರುವರ್ಷ, ವಿಜಯನಗರದ ಕಾಲೇಜಿನಲ್ಲಿ ಮೊದಲ ಪಿಯುಸಿ ಸೇರಿದ ಎರಡೇ ವಾರಕ್ಕೆ, ವರಲಕ್ಷ್ಮಿ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದಳು. ಆಸ್ಪತ್ರೆಯ ವಯಸ್ಸಾದ ಡಾಕ್ಟರು ಹುಡುಗಿಯ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರು. ಹಲ್ಲುಗಳ ಹಿಂಭಾಗವೆಲ್ಲ ಸವೆದಿತ್ತು. ರಕ್ತದಲ್ಲಿ ಉಪ್ಪಿನಂಶ ಏರುಪೇರಾಗಿತ್ತು. "ತಿಂದಿದ್ದನ್ನ ವಾಂತಿ ಮಾಡ್ಕೋತಿದಾಳಮ್ಮ, ಬೇಕು ಅಂತ. ಇದು ಹಟ ಅಲ್ಲ, ಕಾಯಿಲೆ. ಹೀಗೇ ಬಿಟ್ರೆ ಒಂದಿನ ಹೃದಯ ನಿಂತ್ಹೋಗತ್ತೆ," ಎಂದು ಹೇಳಿ ಒಂದು ಚೀಟಿ ಬರೆದುಕೊಟ್ಟರು. ಹೃದಯ ನಿಂತುಹೋಗುತ್ತದೆ ಎನ್ನುವ ಮಾತು ಬಸ್ಸಿನಲ್ಲೂ, ಒಲೆಯ ಮುಂದೆಯೂ ಮುನಿತಾಯಮ್ಮನ ಬೆನ್ನು ಬಿಡಲಿಲ್ಲ.

ಚೀಟಿಯಲ್ಲಿದ್ದದ್ದು ರಾಜಾಜಿನಗರದಲ್ಲಿ ಬೇಕರಿಯ ಮೇಲಿನ ಎರಡು ಕೋಣೆಯ ವಿಳಾಸ. ಒಂದರಲ್ಲಿ ಶಿವಯೋಗಿ ಎಂಬ ಸಣಕಲು ಆಹಾರ ತಜ್ಞ, ಇನ್ನೊಂದರಲ್ಲಿ ಗುರುದೇವಿ ಎಂಬ ಆಪ್ತ ಸಲಹೆಗಾರ್ತಿ. ಇಬ್ಬರೂ ಜಮಖಂಡಿ ಕಡೆಯವರು. ಕೆಳಗಿನಿಂದ ಬನ್ನಿನ ವಾಸನೆ ಗಮ್ಮೆಂದು ಬರುವ ಜಾಗದಲ್ಲಿ ಊಟ ಮಾಡಲಾಗದವರನ್ನು ಕೂರಿಸುತ್ತಾರಲ್ಲ, ಇವರಿಗೇನು ತಲೆ ನೆಟ್ಟಗಿದೆಯೇ ಎಂದು ಮುನಿತಾಯಮ್ಮನಿಗೆ ಅನ್ನಿಸಿತು.

ಮೊದಲು ಎಲ್ಲ ಬೇರೆ ಬೇರೆಯಾಗಿಯೇ ನಡೆಯಿತು. ಶಿವಯೋಗಿ ಹೊತ್ತು ಹೊತ್ತಿಗೆ ಏನು ತಿನ್ನಬೇಕೆಂದು ಒಂದು ಹಾಳೆ ಬರೆದುಕೊಟ್ಟ. ಮುನಿತಾಯಮ್ಮ ಅದನ್ನು ಒಲೆಯ ಪಕ್ಕ, ಅತ್ತೆಯ ಹಳೆಯ ಹಾಳೆಯ ಪಕ್ಕದಲ್ಲೇ, ಅನ್ನದ ಅಂಟಿನಿಂದಲೇ ಅಂಟಿಸಿದಳು. ಗುರುದೇವಿ ವಾರಕ್ಕೊಮ್ಮೆ ಮಾತಾಡಿಸಿದಳು. ಹುಡುಗಿ ಚೆಂದವಾಗಿ ಮಾತಾಡಿ ಮನೆಗೆ ಬಂದು ಬಚ್ಚಲು ಸೇರುತ್ತಿದ್ದಳು. ಒಂದೂವರೆ ತಿಂಗಳಾದರೂ ಹಲ್ಲಿನ ನೋವು ಹಾಗೇ, ತಲೆಸುತ್ತು ಹಾಗೇ.

ಒಂದು ದಿನ ಗುರುದೇವಿ, ಹುಡುಗಿಯನ್ನು ಕೇಳಿ ಒಪ್ಪಿಗೆ ಪಡೆದೇ, ಶಿವಯೋಗಿಯನ್ನೂ ಮುನಿತಾಯಮ್ಮನನ್ನೂ ಒಳಗೆ ಕರೆದಳು. "ಆ ಹಾಳಿ ನೋಡಿದ್ರ ನಿನಗ ಏನ ಅನಸ್ತದವಾ, ಇವರಿಗೂ ಹೇಳು."

ವರಲಕ್ಷ್ಮಿ ನೆಲ ನೋಡಿಕೊಂಡು ಹೇಳಿದಳು. "ಅದ್ರಲ್ಲಿ ಬರ್ದಿದ್ದಕ್ಕಿಂತ ಒಂದು ಚೂರು ಜಾಸ್ತಿ ತಿಂದ್ರೂ ಯಾರೋ ಸಾಯ್ತಾರೆ ಅನ್ಸತ್ತೆ."

ಯಾರು ಸಾಯುತ್ತಾರೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಶಿವಯೋಗಿ ಗಡ್ಡ ಕೆರೆದುಕೊಂಡು, "ನಾ ಕಾಗದಾ ಕೊಟ್ಟದ್ದ ತಪ್ಪಾತು," ಎಂದ. ದೊಡ್ಡವರು ಮಕ್ಕಳೆದುರು ತಪ್ಪು ಒಪ್ಪಿಕೊಳ್ಳುವುದನ್ನು ಮುನಿತಾಯಮ್ಮ ಅದೇ ಮೊದಲು ನೋಡಿದ್ದು.

ಅಲ್ಲಿಂದ ಹಾಳೆ ಹೋಗಿ ಮೇಜು ಬಂತು. ಶನಿವಾರ ಶನಿವಾರ ತಾಯಿ ಮಗಳು ಮನೆಯ ಅಡುಗೆಯನ್ನೇ ಕ್ಯಾರಿಯರಿನಲ್ಲಿ ತರಬೇಕು. ಒಂದು ಗಂಟೆಗೆ ನಾಲ್ವರೂ ಒಂದೇ ಮೇಜಿಗೆ ಕೂತು ಉಣ್ಣಬೇಕು. ಎಷ್ಟು ಬಡಿಸಬೇಕೆನ್ನುವುದು ಶಿವಯೋಗಿಯ ಕೆಲಸ. ಹುಡುಗಿಯ ಕೈ ನಿಂತಾಗ ಮಾತು ತೆಗೆಯುವುದು ಗುರುದೇವಿಯ ಕೆಲಸ. ಊಟ ಮುಗಿದ ಮೇಲೆ ಎರಡೂವರೆಯವರೆಗೂ ಯಾರೂ ಏಳುವಂತಿಲ್ಲ. ಬಚ್ಚಲು ಕರೆಯುವ ಹೊತ್ತು ಅದೇ, ಆ ಹೊತ್ತನ್ನು ದಾಟಿಸಿದರೆ ಅರ್ಧ ಗೆದ್ದ ಹಾಗೆ ಎಂದು ಗುರುದೇವಿ ಹೇಳಿದಳು. "ಅನ್ನಾ ಒಂದ ಕಡೆ, ಮಾತು ಒಂದ ಕಡೆ ಇಟ್ರ ನಡ್ಯೂದಿಲ್ರೀ ಅಕ್ಕಾರ. ಇಷ್ಟ ದಿನಾ ನಾವು ಮಾಡಿದ್ದ ಅದು. ಮನ್ಯಾಗೂ ಆಕಿ ಕೂಡ ಹಿಂಗ ಕೂಡ್ರಿ. ಎಷ್ಟು ತಿಂದಿ ಅಂತ ಮಾತ್ರ ಕೇಳಬ್ಯಾಡ್ರಿ. ಕೇಳೂದಿದ್ರ, ಯಾವಾಗಿಂದ ಅಂತ ಕೇಳ್ರಿ."

ಅಂಥ ಒಂದು ಶನಿವಾರ, ಊಟವಾದ ಮೇಲೆ ಹೊತ್ತು ಕಳೆಯಲೆಂದು ಗುರುದೇವಿ, "ನಿಮ್ಮನ್ಯಾಗ ಯಾರ್‍ಯಾರು ಉಣ್ತೀರಿ?" ಎಂದು ಕೇಳಿದಳು.

ಮುನಿತಾಯಮ್ಮ ಸ್ವಲ್ಪ ಹೆಮ್ಮೆಯಿಂದಲೇ, "ನಾವ್ ಮೂರು ಜನ. ಆಮೇಲೆ ನಮ್ಮತ್ತೆ," ಎಂದಳು. ಸತ್ತ ಅತ್ತೆ ಬರುವುದು, ಲೋಟದ ಸದ್ದು, ಖಾಲಿ ಎಲೆ, ಮಾಯವಾಗುವ ಬೆಲ್ಲ, ಎಲ್ಲ ಹೇಳಿದಳು. ಶಿವಯೋಗಿ ತನ್ನ ತಟ್ಟೆ ನೋಡುತ್ತಿದ್ದ. ವರಲಕ್ಷ್ಮಿ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

ಗುರುದೇವಿ ಮೆತ್ತಗೆ ಕೇಳಿದಳು. "ಅತ್ತಿಯವರು ಬಂದಾಗ ವರಲಕ್ಷ್ಮಿ ಎಲ್ಲಿರ್ತಾಳ್ರಿ?"

"ಟ್ಯೂಷನ್ನು," ಎಂದಳು ಮುನಿತಾಯಮ್ಮ.

ತಾಯಿ ಮಗಳು ಮನೆಗೆ ಬಸ್ಸು ಹತ್ತಿದರು. ಮಾಗಡಿ ರಸ್ತೆಯಲ್ಲಿ ಬಸ್ಸು ಕುಲುಕಿದಾಗ ವರಲಕ್ಷ್ಮಿಯ ಕೈ ಮುಂದಿನ ಸೀಟಿನ ಕಂಬಿ ಹಿಡಿಯಿತು. ಗೆಣ್ಣಿನ ಗಾಯ ಮುನಿತಾಯಮ್ಮನ ಕಣ್ಣೆದುರಿಗೇ ಇತ್ತು. ಅಮಾವಾಸ್ಯೆಯ ದಿನ ಟ್ಯೂಷನ್ ಇರುತ್ತದೆಯೇ? ಹಿತ್ತಲ ಬಾಗಿಲಿನ ಅಗಣಿ ಒಳಗಿನಿಂದ ಹಾಕಿದ್ದೆನೇ? ಅವಳು ಮುಖ ತಿರುಗಿಸಿ ಕಿಟಕಿಯಾಚೆ ನೋಡಿದಳು.

ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಅವಳೇ ನೆಪ ಹುಡುಕಿ ಮಗಳನ್ನು ಮಾಗಡಿಯ ಅಕ್ಕನ ಮನೆಗೆ ಕಳಿಸಿದಳು. ಎಲೆ ಹಾಕಿ, ಎರಡು ಒಬ್ಬಟ್ಟು ಇಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಕೂತಳು. ಕಿವಿಯೆಲ್ಲ ಒಳಗೇ ಇತ್ತು. ಲೋಟದ ಸದ್ದು ಬರಲಿಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ. ಬಾಗಿಲು ತೆಗೆದರೆ ಎರಡೂ ಒಬ್ಬಟ್ಟು ಇಟ್ಟ ಹಾಗೇ ಇದ್ದವು, ಮೇಲಿನ ತುಪ್ಪ ಹೆಪ್ಪುಗಟ್ಟಿತ್ತು.

ಆಗ ಅವಳು ಮಾಡಿದ್ದನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ. ಗಂಡ ಶಿಫ್ಟು ಮುಗಿಸಿ ಬರುವ ಮೊದಲು ಆ ಒಬ್ಬಟ್ಟುಗಳನ್ನು ಹಿತ್ತಲಿಗೆ ಒಯ್ದು ಕಾಗೆಗೆ ಹಾಕಿದಳು. ಅವನು ಬಂದು, "ಅವ್ವ ಬಂದಿದ್ಲಾ?" ಎಂದು ಕೇಳಿದ.

"ಬಂದಿದ್ರು," ಎಂದಳು.

ಹೀಗೆ ಅವಳಿಗೆ ಗೊತ್ತಾಯಿತು. ಗೊತ್ತಾದ ಮೇಲೂ ಸುಮ್ಮನಿದ್ದಳು, ಒಂದು ದಿನವಲ್ಲ ಎರಡು ದಿನವಲ್ಲ, ಪೂರ್ತಿ ಒಂದು ತಿಂಗಳು. ಬಾಯಿ ಬಿಟ್ಟು ಹೇಳಿದರೆ ಅತ್ತೆ ಒಂದು ದಿನವೂ ಬಂದಿರಲಿಲ್ಲ ಎಂದಾಗುತ್ತದೆ. ಉಂಡಿರಲಿಲ್ಲ, ಕ್ಷಮಿಸಿರಲಿಲ್ಲ. ಮುದುಕಿ ಅರ್ಧ ಒಬ್ಬಟ್ಟಿಗೆ ಬಾಯಿಬಿಟ್ಟುಕೊಂಡು ಸತ್ತದ್ದೇ ಕೊನೆಯ ಮಾತಾಗುತ್ತದೆ. ಸುಮ್ಮನಿದ್ದರೆ ಮಗಳ ಹೃದಯ ನಿಲ್ಲುತ್ತದೆ. ಯಾವ ತಾಯಿಯಾದರೂ ಇಂಥದರಲ್ಲಿ ಯೋಚನೆ ಮಾಡುತ್ತಾಳೆಯೇ ಎಂದು ನೀವು ಕೇಳಬಹುದು. ಮುನಿತಾಯಮ್ಮನೂ ದಿನಾ ತನ್ನನ್ನು ತಾನೇ ಅದನ್ನೇ ಕೇಳಿಕೊಳ್ಳುತ್ತಿದ್ದಳು. ಕೇಳಿಕೊಂಡು ಮತ್ತೆ ಸುಮ್ಮನಾಗುತ್ತಿದ್ದಳು. ಮನೆಯ ಮೂಲೆ ಮೂಲೆಯಲ್ಲೂ ಅಕ್ಕಯ್ಯಮ್ಮ ಕೂತು ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸುತ್ತಿತ್ತು. ಪಾತ್ರೆ ತೊಳೆಯುವಾಗ ಲೋಟ ಸದ್ದು ಮಾಡಿದರೆ ಮೈ ಬೆವರುತ್ತಿತ್ತು.

2005ರ ಮಹಾಲಯ ಅಮಾವಾಸ್ಯೆ ಬಂತು. ಮತ್ತೆ ಮರೆಪ್ಪನ ಸಂಸಾರ, ಮತ್ತೆ ಬಾಳೆಯೆಲೆ, ಮತ್ತೆ ಆರು ಒಬ್ಬಟ್ಟು. ವರಲಕ್ಷ್ಮಿ ಕಾಲೇಜಿನಲ್ಲಿ ಕೆಲಸವಿದೆಯೆಂದು ಬೆಳಿಗ್ಗೆಯೇ ಹೋಗಿದ್ದಳು. ಎಲ್ಲರೂ ಹೊರಗೆ ಬಂದರು, ಬಾಗಿಲು ಮುಚ್ಚಿತು.

ಲೋಟದ ಸದ್ದು ಬಂತು. ಮರೆಪ್ಪ ಕೈಮುಗಿದ. ಆಮೇಲೆ ಇನ್ನೊಂದು ಸದ್ದು ಬಂತು. ಉಸಿರು ಸಿಕ್ಕಿಕೊಂಡ ಹಾಗೆ, ಕೆಮ್ಮಿನ ಹಾಗೆ. ಉಳಿದವರಿಗೆ ಅದು ಸತ್ತವರ ಕೆಮ್ಮು, ಎರಡು ಹೆಜ್ಜೆ ಹಿಂದೆ ಸರಿದರು. ಮುನಿತಾಯಮ್ಮನಿಗೆ ಅದು ಬದುಕಿರುವ ಗಂಟಲಿನ ಸದ್ದು. ಆ ಗಂಟಲಿಗೆ ಮೊದಲ ತುತ್ತು ಕಲಸಿಟ್ಟದ್ದು ತಾನೇ. ಅವಳು ಮೂರು ಸಲ ತಟ್ಟಲಿಲ್ಲ. "ಅತ್ತಿಗೆ, ಇನ್ನೂ ಟೈಮಾಗಿಲ್ಲ," ಎಂದು ಮರೆಪ್ಪ ಕೂಗಿಕೊಂಡರೂ ಬಾಗಿಲು ತಳ್ಳಿ ಒಳಗೆ ಹೋಗಿ, ಹಿಂದಿನಿಂದ ಅಗಣಿ ಹಾಕಿಕೊಂಡಳು.

ವರಲಕ್ಷ್ಮಿ ಎಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಬಾಯಿ ತುಂಬಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಎರಡೂ ಕೈಗೆ ಹೂರಣ ಮೆತ್ತಿತ್ತು. ಹಸಿದವರು ಉಣ್ಣುವ ರೀತಿಯಲ್ಲ ಅದು. ಯಾರೋ ಹೊಡೆದು ತಿನ್ನಿಸುತ್ತಿದ್ದ ಹಾಗಿತ್ತು. ತಾಯಿಯನ್ನು ಕಂಡವಳೇ ಎದ್ದು ಹಿತ್ತಲ ಬಚ್ಚಲಿನ ಕಡೆ ಓಡಲು ಹೋದಳು.

ಮುನಿತಾಯಮ್ಮ ಕೈ ಹಿಡಿದಳು. ಬೈಯಲು ಬಾಯಿ ತೆರೆದವಳಿಗೆ ಮೇಜು ನೆನಪಾಯಿತು. "ಕೂತ್ಕೊ," ಎಂದಳು. "ನಾನೂ ಕೂತ್ಕೋತೀನಿ. ಎರಡೂವರೆ ಗಂಟೆವರ್ಗೂ ಯಾರೂ ಏಳಂಗಿಲ್ಲ."

ಎಡೆಯ ಎಲೆಯ ಆಚೆಗೊಬ್ಬಳು ಈಚೆಗೊಬ್ಬಳು ಕೂತರು. ತಾಯಿ ಕೈ ಬಿಡಲಿಲ್ಲ. ಎಷ್ಟು ತಿಂದೆ ಎಂದು ಕೇಳಲಿಲ್ಲ.

"ಯಾವಾಗಿಂದ ಮಗಾ?"

ವರಲಕ್ಷ್ಮಿ ಬಾಯಲ್ಲಿದ್ದದ್ದನ್ನು ನುಂಗಿದಳು. "ವರ್ಷತೊಡಕಿಂದ. ಅಜ್ಜಿ ಸತ್ತಿದ್ ದಿನದಿಂದ."

"ಯಾಕೇ?"

"ನೀನು ಡಬ್ಬ ಅಟ್ಟದ ಮೇಲಿಟ್ಟೆ. ಅಜ್ಜಿ ಅಳ್ತಿತ್ತು. ನೀನು ಬಚ್ಚಲಿಗೆ ಹೋದಾಗ ಸ್ಟೂಲ್ ಹಾಕ್ಕೊಂಡು ನಾನೇ ಒಂದು ತೆಗ್ದುಕೊಟ್ಟೆ." ವರಲಕ್ಷ್ಮಿ ಎಲೆಯನ್ನೇ ನೋಡುತ್ತಿದ್ದಳು. "ಅಜ್ಜಿ ಅರ್ಧ ಮುರಿದು ನಂಗೆ ಕೊಡ್ತು. ಇಬ್ರೂ ತಿಂದ್ರೆ ಪಾಪಾನೂ ಅರ್ಧರ್ಧ ಕಣೇ ಅಂತ ನಗ್ತು. ಬೆಳಿಗ್ಗೆ ನೋಡಿದ್ರೆ ಸತ್ತೋಗಿತ್ತು. ಕೆಂಪು ಇಂಕಲ್ಲಿ ಬರೆದಿತ್ತಲ್ಲಮ್ಮ, ನಾನೇ ಓದಿದ್ನಲ್ಲ. ನಾನೇ ಕೊಂದೆ. ಆ ಅರ್ಧ ನನ್ ಹೊಟ್ಟೆಯಿಂದ ಹೋಗೋದೇ ಇಲ್ಲ, ಎಷ್ಟು ಕಕ್ಕಿದ್ರೂ ಹೋಗಲ್ಲ. ಒಬ್ಬಟ್ಟು ಕಂಡ್ರೆ ಭಯ ಆಗತ್ತೆ. ಭಯ ಆದಾಗೆಲ್ಲ ತಿಂತೀನಿ. ತಿಂದು..."

ಮುನಿತಾಯಮ್ಮನ ಬಾಯಿಂದ ಮೊದಲು ಬಂದದ್ದು ಸಮಾಧಾನದ ಮಾತಲ್ಲ. ಸಮಾಧಾನ ಹೇಳಬೇಕಾಗಿತ್ತು ಎಂದು ಆಮೇಲೆ ಅವಳು ಎಷ್ಟೋ ಸಲ ನಾಚಿದಳು. ಆದರೆ ಬಂದದ್ದು ಇದು: "ತಿಂತಾ? ನಮ್ಮತ್ತೆಮ್ಮ ತಿಂತಾ?"

"ತಿಂತು. ನಕ್ಕೊಂಡು ತಿಂತು. ಬೆರಳೆಲ್ಲ ನೆಕ್ಕೊಂತು."

ಎರಡೂವರೆ ವರ್ಷ ಹೊತ್ತದ್ದು ಒಮ್ಮೆಲೇ ಇಳಿಯಿತು. ಇಳಿದ ಮರುಕ್ಷಣವೇ, ತನ್ನಷ್ಟೇ ಭಾರವನ್ನು ಮಗಳು ಹದಿನಾಲ್ಕನೇ ವಯಸ್ಸಿನಿಂದಲೂ ಪಕ್ಕದಲ್ಲೇ ಹೊತ್ತು ತಿರುಗಿದ್ದಳು ಎನ್ನುವುದು ಎದೆಗೆ ಒದ್ದಿತು. ಮುನಿತಾಯಮ್ಮ ಎಲೆಯ ಮೇಲೆಯೇ ಬಾಗಿ ಮಗಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು, "ನೀನು ಕೊಂದಿಲ್ಲ ಕಣೇ, ನೀನು ಉಣ್ಸಿದೀಯ. ನಾನು ಉಣ್ಸಲಿಲ್ಲ, ನೀನು ಉಣ್ಸಿದೀಯ," ಎಂದು ಹೇಳಿದ್ದನ್ನೇ ಹೇಳಿದಳು. ಇಬ್ಬರ ಸೆರಗು ದುಪಟ್ಟಾಗಳೆಲ್ಲ ಸಾರಿನಲ್ಲಿ ನೆನೆದವು.

ಹೊರಗಿನಿಂದ ಮರೆಪ್ಪ ಬಾಗಿಲು ತಟ್ಟಿದ. "ಅತ್ತಿಗೆ, ಅವ್ವಂದು ಊಟ ಆಯ್ತಾ? ನಮ್ಗೆ ಹೊಟ್ಟೆ ತಾಳ ಹಾಕ್ತೈತೆ."

"ಇನ್ನೂ ಆಗಿಲ್ಲ, ತಡಿ ಮರೆಪ್ಪ," ಎಂದಳು ಮುನಿತಾಯಮ್ಮ. "ಎರಡೂವರೆ ಆಗ್ಲಿ."

ಆ ಶನಿವಾರ ಮೇಜಿನ ಮುಂದೆ ಎಲ್ಲವನ್ನೂ ಹೇಳಿದ್ದು ಮಗಳಲ್ಲ, ತಾಯಿ. ಕಾಗೆಗೆ ಹಾಕಿದ ಒಬ್ಬಟ್ಟಿನ ಸಂಗತಿಯನ್ನೂ ಬಿಡಲಿಲ್ಲ. ಶಿವಯೋಗಿ ಅಕ್ಕಯ್ಯಮ್ಮನ ಆಸ್ಪತ್ರೆಯ ಕಾಗದಗಳನ್ನು ತರಿಸಿಕೊಂಡು ಒಂದೊಂದನ್ನೂ ಹುಡುಗಿಯ ಮುಂದೆ ಓದಿದ. "ನೋಡವಾ, ಆಕೀ ಹೃದಯಾ ಭಾಳ ದಿನದಿಂದ ಸೋತಿತ್ತು. ಅರ್ಧ ಹೋಳಿಗಿಗೆ ಮನಶಾ ಸಾಯೂದಿಲ್ಲ. ಇದು ನಿನ್ನ ಸಮಾಧಾನಕ್ಕ ಹೇಳೂ ಮಾತಲ್ಲ, ನನ್ನ ವಿದ್ಯಾದ ಮಾತು." ಗುರುದೇವಿ ಮಾತ್ರ, ನಂಬಿದೆಯಾ ಎಂದು ಹುಡುಗಿಯನ್ನು ಕೇಳಲಿಲ್ಲ. ನಂಬಲು ಎಷ್ಟು ದಿನ ಬೇಕೋ ಅಷ್ಟು ದಿನ ಊಟಕ್ಕೆ ಬಾ ಎಂದಳು.

ಬಹಳ ದಿನ ಬೇಕಾಯಿತು. ಎರಡು ವಾರ ಚೆನ್ನಾಗಿದ್ದು ಮೂರನೆಯ ವಾರ ಮತ್ತೆ ಬಚ್ಚಲಿನ ನಲ್ಲಿ ಸುರಿಯಿತು. ದೀಪಾವಳಿಯಲ್ಲಿ ಇನ್ನೊಂದು ಸಲ ಆಸ್ಪತ್ರೆ ಸೇರಿದಳು. ಹಲ್ಲುಗಳನ್ನು ಕಟ್ಟಿಸಬೇಕಾಯಿತು. ಲೋಟದ ಸದ್ದಿಗೆ ಮುನಿತಾಯಮ್ಮ ಈಗಲೂ ಬೆಚ್ಚುತ್ತಿದ್ದಳು, ಆದರೆ ಬೆಚ್ಚಿದಾಗ ಹೊರಗೆ ಕೂರುತ್ತಿರಲಿಲ್ಲ, ಎದ್ದು ಒಳಗೆ ಹೋಗುತ್ತಿದ್ದಳು. ಹೆಂಡತಿಯಿಂದ ಎಲ್ಲ ತಿಳಿದ ಚಿಕ್ಕಹನುಮಯ್ಯ ದಿನದ ಶಿಫ್ಟು ಹಾಕಿಸಿಕೊಂಡು ಸಂಜೆಯ ಊಟಕ್ಕೆ ಮಗಳ ಜೊತೆ ಕೂರತೊಡಗಿದ. ಮಾತು ಬಾರದ ಮನುಷ್ಯ ಅವನು. ಕಾರ್ಖಾನೆಯ ಮೆಷಿನ್ನುಗಳ ಬಗ್ಗೆ ಒಂದು ಗಂಟೆ ಹೇಳುತ್ತಿದ್ದ. ಅದೇ ಔಷಧವಾಯಿತೋ ಏನೋ ಎಂದು ಗುರುದೇವಿ ನಗುತ್ತಿದ್ದಳು. ಗೋಡೆಯ ಎರಡು ಹಾಳೆಗಳನ್ನೂ ವರಲಕ್ಷ್ಮಿಯೇ ನೀರು ಹಚ್ಚಿ ಉಜ್ಜಿ ತೆಗೆದಳು. ಕೆಂಪು ಇಂಕಿನ ಒಂದು ಗೆರೆ ಸುಣ್ಣದ ಮೇಲೆ ಉಳಿದೇ ಉಳಿಯಿತು.

2006ರ ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಹೊರಗೆ ಬಂದು ಬಾಗಿಲು ಮುಚ್ಚಿದಾಗ ಹತ್ತು ಜನ ನಿಂತಿದ್ದರು. ಹತ್ತನೆಯವಳು ವರಲಕ್ಷ್ಮಿ. ತಾಯಿಯ ಪಕ್ಕದಲ್ಲಿ ನಿಂತು ಅವಳ ಸೆರಗಿನ ಚುಂಗು ಹಿಡಿದಿದ್ದಳು. ಹೋದ ವರ್ಷ ಬಾಗಿಲು ತೆಗೆಯುವ ಮೊದಲೇ ವರಲಕ್ಷ್ಮಿ ಹಿತ್ತಲಿನಿಂದ ಹೊರಗೆ ಹೋಗಿದ್ದರಿಂದ ಏನೂ ತಿಳಿಯದ ಮರೆಪ್ಪ ಬಾಗಿಲಿಗೆ ಕಿವಿ ಕೊಟ್ಟ. ಯಾವ ಸದ್ದೂ ಇಲ್ಲ. ರಸ್ತೆಯಲ್ಲಿ ಆಟೋ ಹೋದದ್ದು ಕೇಳಿತು, ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಕೇಳಿತು, ಮನೆಯೊಳಗಿನಿಂದ ಮಾತ್ರ ಏನೂ ಇಲ್ಲ. ಆ ನಿಶ್ಶಬ್ದ ಮುನಿತಾಯಮ್ಮನಿಗೆ ಲೋಟದ ಸದ್ದಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಅತ್ತೆ ನಿಜವಾಗಿಯೂ ಹೋಗಿಬಿಟ್ಟಿದ್ದಳು.

ಬಾಗಿಲು ತೆಗೆದಾಗ ಆರು ಒಬ್ಬಟ್ಟೂ ಹಾಗೇ ಇದ್ದವು.

"ಯಾಕೋ ಅವ್ವ ಈ ಸಲ ಬರ್ಲೇ ಇಲ್ಲ ಕಣಣ್ಣ," ಎಂದು ಮರೆಪ್ಪ ಮುಖ ಸಣ್ಣಗೆ ಮಾಡಿದ. "ಏನೋ ತಪ್ಪು ನಡೆದೈತೆ."

"ಹೊಟ್ಟೆ ತುಂಬಿದವ್ರು ಯಾಕ್ ಬರ್ತಾರೆ," ಎಂದಳು ಮುನಿತಾಯಮ್ಮ. "ಕೂತ್ಕೊಳಿ, ಬಡಿಸ್ತೀನಿ."

ಎಲ್ಲರೂ ಸಾಲಾಗಿ ಕೂತರು. ಎಲ್ಲರಿಗೂ ಬಡಿಸಿ, ತಾನೂ ಎಲೆ ಹಾಕಿಕೊಂಡು ಮುನಿತಾಯಮ್ಮ ಮಗಳ ಪಕ್ಕ ಕೂತಳು. ಮಗಳ ಎಲೆಯಲ್ಲಿ ಒಂದು ಒಬ್ಬಟ್ಟು ಇತ್ತು, ಅವಳೇ ಕೇಳಿ ಹಾಕಿಸಿಕೊಂಡದ್ದು. ವರಲಕ್ಷ್ಮಿ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಎರಡಾಗಿ ಮುರಿದು ಅರ್ಧವನ್ನು ತಾಯಿಯ ಎಲೆಗೆ ಹಾಕಿದಳು.

ಮೂರೂವರೆ ವರ್ಷದ ಮೇಲೆ ಮುನಿತಾಯಮ್ಮ ಒಬ್ಬಟ್ಟು ತಿಂದಳು. ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು. ಮಗಳು ತನ್ನ ಅರ್ಧ ತಿಂದು ಮುಗಿಸಿ, ಕೈ ತೊಳೆದು ಬಂದು, ಗಡಿಯಾರ ನೋಡಿ, ಮತ್ತೆ ತಾಯಿಯ ಪಕ್ಕದಲ್ಲೇ ಗೋಡೆಗೊರಗಿ ಕೂತಳು.